ಕಾಗವಾಡದಲ್ಲಿ ಬಿಚ್ಚಿದ ಗಾಲಿ

ಮಾವನವರು ತೀರಿಕೊಂಡ ಮೇಲೆ ಅವರ ಬಿಳಿ ಅಂಬಾಸಿಡರ್ ಕಾರು ಐಗಳಿಯ ನಮ್ಮ ದ್ರಾಕ್ಷಿ ತೋಟದ ತಗಡಿನ ಶೆಡ್ಡಿನಲ್ಲಿ ಮೂರು ವರ್ಷ ನಿಂತೇ ಇತ್ತು. ನನ್ನ ಯಜಮಾನರಿಗೆ ಮೋಟಾರ್ ಸೈಕಲ್ಲೇ ಸಾಕಾಗಿತ್ತು. ದಸರೆ, ದೀಪಾವಳಿಗೆ ಕಾರನ್ನು ತೊಳೆದು, ಊರಲ್ಲಿ ಒಂದು ಸುತ್ತು ಹಾಕಿಸಿ ಮತ್ತೆ ಒಳಗೆ ನಿಲ್ಲಿಸುತ್ತಿದ್ದರು. "ಟಾಯರ್ ನೋಡ, ಹೊಸಾವ ಇದ್ದಾಂಗ ಅದಾವ," ಎಂದು ಹೆಮ್ಮೆಪಡುತ್ತಿದ್ದರು. ನೋಡಿದರೆ ಹಾಗೇ ಕಾಣುತ್ತಿತ್ತು. ಟೈರಿನ ಗೆರೆಗಳಲ್ಲಿ ನನ್ನ ಕಿರುಬೆರಳಿನ ಉಗುರು ಪೂರ್ತಿ ಮುಳುಗುತ್ತಿತ್ತು.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಅತ್ತೆಯವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಿರಜದ ಆಸ್ಪತ್ರೆಯವರು ಬಹಳ ದಿನ ಕಾಯಿಸಿ ಒಂದು ದಿನ ಗೊತ್ತು ಮಾಡಿದ್ದರು. ಮಧ್ಯಾಹ್ನದೊಳಗೆ ಬಂದು ಭರ್ತಿಯಾಗದಿದ್ದರೆ ಮತ್ತೆ ಸರದಿ ಕಾಯಬೇಕಿತ್ತು. ಅದಕ್ಕೆ ಎರಡು ದಿನ ಮೊದಲು ಯಜಮಾನರು ಒಣದ್ರಾಕ್ಷಿ ಶೆಡ್ಡಿನ ಏಣಿಯಿಂದ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತು ಕಾರಿಗೆ ಡ್ರೈವರ್ ಹುಡುಕತೊಡಗಿದರು. ಸುಗ್ಗಿಯ ಕಾಲ, ಯಾರೂ ಸಿಗಲಿಲ್ಲ.

"ನಾ ಹೊಡೀತೀನ್ರಿ," ಅಂದೆ.

ರಾಯಬಾಗದ ತವರಿನಲ್ಲಿ ಅಪ್ಪ ನನಗೆ ಜೀಪು ಕಲಿಸಿ, ಚಿಕ್ಕೋಡಿಗೆ ಕರೆದುಕೊಂಡು ಹೋಗಿ ಲೈಸೆನ್ಸೂ ಮಾಡಿಸಿದ್ದ. ಮದುವೆಯಾದ ಮೇಲೆ ಅದು ಟ್ರಂಕಿನ ತಳದಲ್ಲೇ ಉಳಿದಿತ್ತು. ಯಜಮಾನರು ತಾಯಿಯ ಕಡೆ ನೋಡಿದರು. ಅತ್ತೆ ನಕ್ಕರು. "ನನಗ ರಸ್ತಾ ಕಾಣೂದಿಲ್ಲ, ಅಂದಮ್ಯಾಲ ನನಗ್ಯಾಕ ಹೆದರಿಕಿ? ನಡಿ ಬೇ."

ಸುಗ್ಗಿಯ ಕೆಲಸಕ್ಕೆ ಯಜಮಾನರನ್ನು ಮನೆಯಲ್ಲೇ ಬಿಟ್ಟು, ಮುಂಜಾನೆ ತಂಪಿನಲ್ಲಿ ನಾವಿಬ್ಬರೇ ಹೊರಟೆವು. ಅಥಣಿಯ ತನಕ ನಿಧಾನವಾಗಿಯೇ ಓಡಿಸಿದೆ. ಅಥಣಿ ದಾಟಿದ ಮೇಲೆ ಕೈ ಹದಕ್ಕೆ ಬಂತು. ಕಬ್ಬಿನ ಗಾಡಿಗಳನ್ನು ಹಿಂದೆ ಹಾಕುತ್ತ ಸ್ವಲ್ಪ ಜೋರಾಗಿಯೇ ಓಡಿಸಿದೆ. ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅತ್ತೆ ಕಾಗವಾಡ ಇನ್ನೇನು ಬಂತು ಅನ್ನುವಾಗ ನನ್ನ ಮೊಳಕೈ ಹಿಡಿದರು.

"ಗಾಡಿ ಕುಂಟಾಕತ್ತೈತಿ."

"ರಸ್ತಾನ ಹಂಗೈತ್ರಿ, ಅತ್ತಿ."

"ರಸ್ತಾ ಕೆಟ್ಟಿದ್ರ ಗಾಡಿ ಎಲ್ಲಾ ಕಡಿಂದಾನೂ ಕುಣೀತೈತಿ. ಇದು ನನ್ನ ಕಾಲ ಬುಡಕಷ್ಟ ಎತ್ತಿ ಹಾಕಾಕತ್ತೈತಿ. ಎತ್ತಿಗೆ ಗೊರಸು ನೊಂದಾಗ ಹಿಂಗ ಹೆಜ್ಜಿ ಇಡತೈತಿ. ನಿಲ್ಲಸ."

ನನಗೆ ಏನೂ ಗೊತ್ತಾಗಿರಲಿಲ್ಲ. ಆದರೂ ನಿಧಾನ ಮಾಡಿ, ರಸ್ತೆಯ ಬದಿಯ ಟೈರ್ ಅಂಗಡಿಯೊಂದರ ಮುಂದೆ ನಿಲ್ಲಿಸಿದೆ. ಅರವತ್ತರ ಹತ್ತಿರದ ಒಬ್ಬರು, ತಲೆಗೆ ಬಿಳಿ ಟೋಪಿ, ಖಾಕಿ ಅಂಗಿ, ಎದ್ದು ಬಂದರು. ಎಡಗಡೆಯ ಮುಂದಿನ ಗಾಲಿಯ ಹತ್ತಿರ ಕೂತು, ಕೈಯನ್ನು ಹಿಂಬದಿಗೆ ತೂರಿಸಿ ಮೆಲ್ಲಗೆ ಸವರಿದರು. ಅವರ ಮುಖ ಬದಲಾಯಿತು.

"ತಂಗಿ, ನಿಮ್ಮ ಕೈ ಕೊಡ್ರಿಲ್ಲೆ."

ನನ್ನ ಕೈಗೆ ಟೈರಿನ ಒಳಮೈಯಲ್ಲಿ ನಿಂಬೆಹಣ್ಣಿನಷ್ಟು ದಪ್ಪ ಉಬ್ಬು ಸಿಕ್ಕಿತು. ಹೊರಗಿನಿಂದ ಅದು ಕಾಣುವ ಹಾಗೇ ಇರಲಿಲ್ಲ.

"ಇದು ಒಡದಿದ್ರ ಸ್ಟೇರಿಂಗ್ ನಿಮ್ಮ ಕೈಯಾಗ ಉಳೀತಿದ್ದಿಲ್ಲ. ಇದರ ಮ್ಯಾಲ ಒಂದ ಫರ್ಲಾಂಗ್ ಸುದ್ದಾ ಹೋಗಬ್ಯಾಡ್ರಿ."

ಡಿಕ್ಕಿಯಿಂದ ಸ್ಟೆಪ್ನಿ ತೆಗೆಸಿದರೆ ಅದರಲ್ಲಿ ಹವಾ ಇರಲಿಲ್ಲ. ಪಕ್ಕೆಯೆಲ್ಲ ಬಿಸಿಲಿಗೆ ಒಡೆದ ಕೆರೆಯಂಗಳದಂತೆ ಸೀಳಿತ್ತು. ಅವರ ಅಂಗಡಿಯಲ್ಲಿ ಇದ್ದವು ಟ್ರ್ಯಾಕ್ಟರ್, ಲಾರಿಗಳ ಟೈರುಗಳು. ನಮ್ಮ ಅಳತೆಯದು ಬೇಕೆಂದರೆ ಮಿರಜದಿಂದಲೇ ತರಿಸಬೇಕು. ನಾನು ಗಡಿಯಾರ ನೋಡಿದೆ. ಆಸ್ಪತ್ರೆಯ ವಿಷಯ ಹೇಳುತ್ತ ಹೇಳುತ್ತಲೇ ಅತ್ತುಬಿಟ್ಟೆ.

ಅವರು ಜಾಕ್ ಮತ್ತು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಅಂಗಡಿಯ ಹಿಂದೆ ಹೋದರು. ಅಲ್ಲಿ ಅವರದೇ ಒಂದು ಹಳೆಯ ಅಂಬಾಸಿಡರ್ ನಿಂತಿತ್ತು. ಅದರ ಮುಂದಿನ ಗಾಲಿಯೊಂದನ್ನು ಬಿಚ್ಚಿ, ಆ ಜಾಗಕ್ಕೆ ಇಟ್ಟಿಗೆ ಪೇರಿಸಿ, ಗಾಲಿ ಉರುಳಿಸುತ್ತ ಬಂದರು.

"ಕಾಕಾ, ನಿಮ್ಮ ಗಾಡಿ?"

"ಅದಕ್ಕೇನ ಆಪರೇಶನ್ ಇಲ್ಲ. ನಿಂದರತೈತಿ ಬಿಡ್ರಿ."

ಅದನ್ನು ನಮ್ಮ ಕಾರಿಗೆ ಹಾಕಿ, ಉಬ್ಬಿದ ಗಾಲಿಯನ್ನು ಅಂಗಡಿಯಲ್ಲೇ ಇಟ್ಟುಕೊಂಡರು. ಉಳಿದ ಮೂರು ಟೈರುಗಳನ್ನೂ ಒಳಗೆ ಹೊರಗೆ ಸವರಿ ನೋಡಿ, ಹವಾ ಸರಿಮಾಡಿ, "ಇವೂ ಮುದುಕ್ ಆಗ್ಯಾವ, ಆದ್ರ ಸಾವಕಾಶ ಹೋದ್ರ ಮಿರಜ ಮುಟ್ಟಸ್ತಾವ," ಅಂದರು. ನಾನು ಯಾರು, ಯಾರ ಮನೆಯವಳು, ಒಂದೂ ಕೇಳಲಿಲ್ಲ. ಕಾರು ಹೊರಡುವಾಗ ಅತ್ತೆ ಕಿಟಕಿಯಿಂದ ಅವರ ದನಿ ಬಂದ ದಿಕ್ಕಿಗೆ ಕೈ ಮುಗಿದರು.

ನಾವು ವೇಳೆಗೆ ಸರಿಯಾಗಿ ತಲುಪಿದೆವು. ಒಂದು ಕಣ್ಣಿನ ಆಪರೇಶನ್ ಚೆನ್ನಾಗಿ ಆಯಿತು. ಮಿರಜದಲ್ಲೇ ನಾಲ್ಕು ಹೊಸ ಟೈರು ಹಾಕಿಸಿ, ಸ್ಟೆಪ್ನಿಗೂ ಒಂದು ಕೊಂಡು, ಎಂಟನೆಯ ದಿನ ಅವರ ಗಾಲಿಯನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಕಾಗವಾಡಕ್ಕೆ ಮರಳಿದೆವು. ಅವರ ಕಾರು ಇಟ್ಟಿಗೆಯ ಮೇಲೆ ಹಾಗೇ ನಿಂತಿತ್ತು. ಕಪ್ಪು ಕನ್ನಡಕ ಹಾಕಿಕೊಂಡಿದ್ದ ಅತ್ತೆ ನನ್ನ ಭುಜ ಹಿಡಿದು ಇಳಿದು, ಅವರ ಎದುರು ಹೋಗಿ ನಿಂತರು.

"ಆವತ್ತ ನಿನ್ನ ದನಿ ಅಷ್ಟ ಕೇಳಿದ್ನೆಪಾ. ಇವತ್ತ ಮಾರಿ ನೋಡಿದೆ. ಚಂದ ಐತಿ."

ಅವರು ನಾಚಿ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಚಹಾ ತರಿಸಿದರು. ಆಮೇಲೆ ಆ ಹಳೆಯ ಟೈರನ್ನು ತಂದು, ಚಾಕುವಿಗೆ ನೀರು ಹಚ್ಚಿಕೊಂಡು, ಉಬ್ಬಿದ ಜಾಗದಲ್ಲಿ ಕೊಯ್ದು ನನ್ನ ಮುಂದೆ ಹಿಡಿದರು. ಒಳಗಿನ ದಾರಗಳು ಸವೆದ ಹಗ್ಗದ ಎಳೆಗಳ ಹಾಗೆ ಹರಿದು ನಿಂತಿದ್ದವು.

"ಮ್ಯಾಲಿನ ನಕ್ಷಿ ನೋಡಿ ಮೋಸ ಹೋಗಬಾರದು, ತಂಗಿ. ಓಡೂ ಟಾಯರ್ ಸವೀತಾವ, ನಿಂತ ಟಾಯರ್ ಒಳಗ ಸಾಯ್ತಾವ. ಗಾಡಿ ಎಲ್ಲಿ ನಿಲ್ಲಸ್ತಿದ್ರಿ?"

ಶೆಡ್ಡಿನ ಬಗ್ಗೆ ಹೇಳಿದೆ. ಪಡುವಣದ ಬಿಸಿಲು ನೇರ ಎಡಗಡೆಗೇ ಬೀಳುತ್ತಿತ್ತು. ಪಂಪಿನ ಡೀಸೆಲ್ ಡಬ್ಬಿ ಅಲ್ಲೇ ಸೋರುತ್ತಿತ್ತು. ಅವರು ತಲೆಯಾಡಿಸುತ್ತ ಕೇಳಿದರು. ಬಿಸಿಲು, ಎಣ್ಣೆ ಎರಡೂ ರಬ್ಬರನ್ನು ತಿನ್ನುತ್ತವೆ, ಬಹಳ ದಿನ ನಿಲ್ಲಿಸುವುದಾದರೆ ಗಾಲಿಯ ಮೇಲೆ ಭಾರ ಬಿಡದೆ ಕಾರನ್ನೇ ಎತ್ತಿ ನಿಲ್ಲಿಸಬೇಕು, ಹವಾ ನೋಡುವುದು ಓಡಿ ಬಿಸಿಯಾದ ಮೇಲಲ್ಲ, ಮುಂಜಾನೆ ತಣ್ಣಗಿದ್ದಾಗ, ಸ್ಟೆಪ್ನಿಯನ್ನೂ ಮರೆಯಬಾರದು, ಆಗಾಗ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಬೇಕು ಎಂದು ಒಂದೊಂದಾಗಿ ಹೇಳಿಕೊಟ್ಟರು. ನಾನು ಕಲಿಯುತ್ತಿದ್ದೆ. ಅತ್ತೆ ನನಗಿಂತ ಹೆಚ್ಚು ಗಮನ ಕೊಟ್ಟು ಕಲಿಯುತ್ತಿದ್ದರು.

ಮನೆಗೆ ಬಂದ ಮೇಲೆ ಟೈರು ನೋಡಿಕೊಳ್ಳುವುದು ಅತ್ತೆಯವರದೇ ಕೆಲಸವಾಯಿತು. ಎರಡನೆಯ ಕಣ್ಣಿನ ಆಪರೇಶನ್ನೂ ಮುಗಿದ ಮೇಲಂತೂ ಕೇಳುವುದೇ ಬೇಡ. ಸೋಮವಾರ ಮುಂಜಾನೆ ಕಾರಿನ ಪಕ್ಕ ಮಣೆ ಹಾಕಿಕೊಂಡು ಕೂತು, ಗೆರೆಗಳಲ್ಲಿ ಸಿಕ್ಕ ಕಲ್ಲುಗಳನ್ನು ತಲೆಯ ಪಿನ್ನಿನಿಂದ ಕೀಳುತ್ತಿದ್ದರು. ಒಳಮೈಯನ್ನು ಕೈಯಿಂದಲೇ ಸವರುತ್ತಿದ್ದರು. ಒಮ್ಮೆ ಎರಡು ಮುಂದಿನ ಗಾಲಿಗಳೂ ಒಳಗಡೆ ಮಾತ್ರ ಸವೆದದ್ದನ್ನು ಹಿಡಿದು, "ಇವು ನೆಟ್ಟಗ ಹೋಗವೊಲ್ಲು," ಎಂದು ನನ್ನನ್ನು ನಿಪ್ಪಾಣಿಗೆ ಅಟ್ಟಿ ಗಾಲಿಗಳನ್ನು ನೇರ ಮಾಡಿಸಿದರು. ಯಜಮಾನರು ಕೈ ವಾಸಿಯಾದ ಮೇಲೂ ಸ್ಟೇರಿಂಗಿಗೆ ಮರಳಲಿಲ್ಲ. ಊರಿನ ಬಾಣಂತಿಯರು, ಜ್ವರ ಬಂದ ಮಕ್ಕಳು, ಎಷ್ಟೋ ಜನ ಆ ಕಾರಿನಲ್ಲಿ ನನ್ನ ಪಕ್ಕ ಕೂತು ಅಥಣಿಗೂ ಮಿರಜಕ್ಕೂ ಹೋಗಿ ಬಂದರು.

ಐದು ವರ್ಷ ಕಳೆದ ಮೇಲೆ ಒಂದು ದಿನ ಯಜಮಾನರೂ ಸೇರಿ ಕಾಗವಾಡಕ್ಕೆ ಹೋದಾಗ ಆ ಕಾಕಾ ನಮ್ಮ ಕಾರಿನ ಟೈರಿನ ಪಕ್ಕೆಯಲ್ಲಿ ಕೂದಲೆಳೆಯಂಥ ಸೀಳುಗಳನ್ನು ತೋರಿಸಿ, ಇನ್ನು ಬದಲಿಸಿ ಅಂದರು. ಯಜಮಾನರು ಒಪ್ಪಲಿಲ್ಲ. "ಇನ್ನೂ ನಕ್ಷಿ ಅರ್ಧಾ ಐತಲ್ರಿ?"

"ಐತಿ," ಅಂದರು ಅತ್ತೆ, ಕಾಕಾ ಬಾಯಿ ತೆರೆಯುವ ಮೊದಲೇ. "ನನ್ನ ಹಲ್ಲೂ ಅರ್ಧಾ ಅದಾವ. ಕಬ್ಬ ಕಡ್ಯಾಕ ಬರತೈತೇನು?"

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರೂ ನಗುತ್ತ ಒಪ್ಪಿದರು. ಹೊಸ ಟೈರು ಹಾಕುವ ತನಕ ನಾವು ಮೂವರೂ ಅವರ ಅಂಗಡಿಯ ಬೆಂಚಿನ ಮೇಲೆ ಕೂತು, ಮನೆಯಿಂದ ತಂದ ಒಣದ್ರಾಕ್ಷಿಯನ್ನು ಅವರೊಂದಿಗೆ ಹಂಚಿಕೊಂಡು ತಿಂದೆವು. ನಾನು ಅವರಿಗೆ "ನಿಮ್ಮ ಉಪಕಾರ ಮರಿಯಾಂಗಿಲ್ರಿ" ಎಂದು ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು. ಅವರು ಪಾನಾ ಒರೆಸುತ್ತ, "ಟಾಯರ್ ತಣ್ಣಗಿದ್ದಾಗ ಹವಾ ನೋಡ್ರಿ, ತಂಗಿ, ಅಷ್ಟ ಸಾಕು," ಅಂದರು.