ಪೈಲ್ವಾನರ ಸಾಟಿ

ಮೊನ್ನೆ ಕುಷ್ಟಗಿಯಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಕುಳಿತಿದ್ದೆ. ಚಹಾವನ್ನು ಬಸಿಗೆ ಸುರಿದುಕೊಂಡು ಇನ್ನೇನು ತುಟಿಗೆ ಹಚ್ಚಬೇಕು, ಮೇಲಿನ ಜಂತಿಯ ಸಂದಿಯಿಂದ ಒಂದು ಚಿಟಿಕೆ ಮಣ್ಣು ಅದರೊಳಗೆ ಬಿತ್ತು. ಮರುಕ್ಷಣ ನಾನು ಅಂಗಳದಲ್ಲಿದ್ದೆ. ಎದ್ದದ್ದು, ಹೊಸ್ತಿಲು ದಾಟಿದ್ದು ಒಂದೂ ನೆನಪಿಲ್ಲ. ಬಸಿ ಮಾತ್ರ ಕೈಯಲ್ಲೇ ಇತ್ತು.

"ಇಲಿ ಓಡ್ಯಾಡಿರಬೇಕ್ರಿ, ಒಳಗ ಬರ್ರಿ," ಎಂದು ಗೆಳೆಯರು ನಕ್ಕರು.

ನೀವೂ ನಗಬಹುದು. ಕಾಲೇಜು ಓದಿದವನೊಬ್ಬ ಇಲಿಗೆ ಹೆದರಿ ಹೊರಗೆ ಓಡಿದ ಎಂದರೆ ಯಾರಿಗೆ ನಗು ಬಾರದು? ಆದರೆ ನಾನು ಯಾರ ಮನೆಗೆ ಹೋದರೂ ಮೊದಲು ನೋಡುವುದು ತೊಲೆಯನ್ನು, ಮನೆಯವರ ಮುಖ ಆಮೇಲೆ. ಯಲಬುರ್ಗಿಗೆ ಹೆಣ್ಣು ನೋಡಲು ಹೋದಾಗಲೂ ಮೇಲೆಯೇ ನೋಡುತ್ತ ಕುಳಿತಿದ್ದೆ. "ಹುಡುಗ ಭಾಳ ಸಂಕೋಚದವ," ಎಂದು ಹೆಣ್ಣಿನ ತಂದೆ ಮೆಚ್ಚಿ ಮಗಳನ್ನು ಕೊಟ್ಟರು. ತೊಲೆ ತೇಗದ್ದು, ಗಟ್ಟಿಯಾಗಿತ್ತು, ನಾನೂ ಒಪ್ಪಿಕೊಂಡೆ.

ಈ ಚಟಕ್ಕೆ ಕಾರಣ ಸದಾ ಸೋಲುತ್ತಿದ್ದ ಇಬ್ಬರು ಪೈಲ್ವಾನರು.

ಅದು ನಿಜಾಮರ ಆಳ್ವಿಕೆಯ ಕಾಲ. ಪೈಲ್ವಾನನಿಗೆ ಊರವರೇ ಸೇರಿ ಖುರಾಕು ಕೊಟ್ಟು ಸಾಕುತ್ತಿದ್ದರು. ಖುರಾಕು ಎಂದರೆ ಹಾಲು, ತುಪ್ಪ, ಬಾದಾಮಿ, ಉತ್ತತ್ತಿ. ಮಕ್ಕಳಿಗೂ ಕೊಡದೆ ಎತ್ತಿಟ್ಟದ್ದೆಲ್ಲ ಅವನ ಹೊಟ್ಟೆಗೆ. ನಮ್ಮ ಕೊಪ್ಪಳದ ಗರಡಿಮನೆಗೆ ಸಿದ್ದಪ್ಪ ಇದ್ದ, ನನ್ನ ಜೊತೆ ಶಾಲೆ ಕಲಿತವನು. ಮೈ ಬಂಡೆಯಂತೆ, ಆದರೆ ಪಕ್ಕೆಗೆ ಯಾರ ಕೈ ತಗುಲಿದರೂ ಕಚಗುಳಿಯಾಗಿ ಕಿಸಕ್ಕನೆ ನಗುತ್ತಿದ್ದ. ನಗುವವನನ್ನು ಕೆಡವುವುದು ಎಷ್ಟರ ಕೆಲಸ? ಗಂಗಾವತಿಯ ಗರಡಿಮನೆಗೆ ಖಾದರ್ ಇದ್ದ. ಅವನದು ಬೇರೆ ರೋಗ. ಎದುರಾಳಿಯನ್ನು ಚೆನ್ನಾಗಿಯೇ ಕೆಡವುತ್ತಿದ್ದ, ಆದರೆ ಬೆನ್ನು ಮಣ್ಣಿಗೆ ಹತ್ತುವ ಮೊದಲೇ "ಪೆಟ್ಟಾತೇನು?" ಎಂದು ತಾನೇ ಕೈಹಿಡಿದು ಎಬ್ಬಿಸಿಬಿಡುತ್ತಿದ್ದ. ಎದ್ದವನು ಇವನನ್ನು ಕೆಡವುತ್ತಿದ್ದ.

ಗರಡಿಮನೆಯ ಮಗ್ಗುಲಿಗೆ ವಿರೂಪಣ್ಣನ ಚಹಾದಂಗಡಿ. ಸಿದ್ದಪ್ಪನ ಖುರಾಕಿನಲ್ಲಿ ಹಾಲು ಕೊಡುವ ಪಾಲು ವಿರೂಪಣ್ಣನದು, ಹಾಗಾಗಿ ಸಿಟ್ಟೂ ಅವನದೇ ಹೆಚ್ಚು.

"ನನ್ನ ಎಮ್ಮಿ ಹಾಲು ಕುಡದು ಕುಡದು ಸೋತು ಬರ್ತಾನ. ಆ ಹಾಲು ಕರಕ್ಕ ಬಿಟ್ಟಿದ್ರ ಅದಾದ್ರೂ ಕುಸ್ತಿ ಆಡ್ತಿತ್ತು!"

"ಅವನ ಚಡ್ಡಿ ಹೊಲಿಯಾಂವ ನಾ ಅದೀನಿ, ನನಗ ಕೇಳ್ರಿ ಸಾವ್ಕಾರ," ಎನ್ನುತ್ತಿದ್ದ ದರ್ಜಿ ಗೌಸ್‌ಮಿಯಾ. "ವರ್ಷಾ ಅರಿವಿ ಹೆಚ್ಚಿಗಿ ಹತ್ತತೈತಿ. ಗೆಲುವು ಎಲ್ಲೈತಿ? ಇವಗ ಈ ಮಣ್ಣು ಒಗ್ಗವಲ್ದು. ಗಂಗಾವತಿಯವರ ಖಾದರನ್ನ ತರೂಣು, ಇವನ್ನ ಅವರಿಗೆ ಕೊಡೂಣು. ಸಾಟಿ!"

ಸಾಟಿ ಎಂಬ ಮಾತು ನಮ್ಮ ಕಡೆ ದೊಡ್ಡದು. ಜೋಳ ಕೊಟ್ಟು ಬೆಲ್ಲ ತರುವುದೂ ಸಾಟಿ, ಹೆಣ್ಣು ಕೊಟ್ಟು ಹೆಣ್ಣು ತರುವುದೂ ಸಾಟಿ. ಸರಿಸಮಾನ ಎಂಬ ಅರ್ಥ ನಿಮಗೆ ಗೊತ್ತೇ ಇದೆ. ಅಂದಿನಿಂದ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಭತ್ತದ ಸಸಿ ಮಡಿಯಿಂದ ಕಿತ್ತು ಬೇರೆ ಗದ್ದೆಗೆ ಹಚ್ಚಿದರೆ ತಾನೇ ತೆನೆ ಬರುವುದು ಎಂದೊಬ್ಬ. ಮುದಿ ಬೇವನ್ನು ಕಿತ್ತು ನೆಟ್ಟರೆ ಏನಾದೀತು ಎಂದು ಇನ್ನೊಬ್ಬ. ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದ ನಾನು ಮೂಲೆಯಲ್ಲಿ ಕುಳಿತು, ಅಲ್ಲಿಯ ತರ್ಕಶಾಸ್ತ್ರದ ಪಾಠಕ್ಕಿಂತ ಇದೇ ಗಟ್ಟಿ ಎಂದುಕೊಳ್ಳುತ್ತಿದ್ದೆ.

ಗಂಗಾವತಿಯ ಹಿರಿಯ, ಅಕ್ಕಿ ವ್ಯಾಪಾರಿ ಶೇಖರಪ್ಪನವರು ಸಾಟಿಗೆ ಒಪ್ಪಿದರು. ಉಳಿದದ್ದು ಒಂದೇ ತಕರಾರು. ಯಾರ ಪೈಲ್ವಾನ ಕಡಿಮೆಯವನೋ ಆ ಊರವರು ಅವನ ಜೊತೆ ಒಂದು ಎಮ್ಮೆಯನ್ನೂ ಕೊಡಬೇಕು. ಕಡಿಮೆ ಯಾರು? ಇಬ್ಬರಿಗೂ ಕುಸ್ತಿ ಹಚ್ಚಿ ನೋಡುವುದೆಂದು ಗೊತ್ತಾಯಿತು.

ಕುಸ್ತಿಯ ಹಿಂದಿನ ದಿನ ಸಿದ್ದಪ್ಪ ನನ್ನನ್ನು ಹುಡುಕಿಕೊಂಡು ಬಂದ. ಅಷ್ಟು ದೊಡ್ಡ ದೇಹ ನಮ್ಮ ಕಟ್ಟೆಯ ಮೇಲೆ ಮುದುಡಿ ಕುಳಿತಿತ್ತು.

"ಖರೇ ಹೇಳೋ ದೋಸ್ತ, ಗಂಗಾವತಿಯಾಗ ಮೂರೂ ಹೊತ್ತು ಅನ್ನಾನ ಅಂತಲ್ಲ? ಅವ್ವನ ಕೈ ರೊಟ್ಟಿ ಬಿಟ್ಟು ನಾ ಹ್ಯಾಂಗ ಇರ್ಲಿ? ನೀ ಓದಿದಾಂವ, ಹಿರ್ಯಾರಿಗೆ ಒಂದು ಮಾತು ಹೇಳು."

ಹೇಳಿದೆ. "ಅಷ್ಟು ದೂರ ಹೋಗಿ ಕಲತದ್ದು ರೊಟ್ಟಿ ಶಾಸ್ತ್ರನ ಏನು?" ಎಂದು ವಿರೂಪಣ್ಣ ಬಾಯಿ ಮುಚ್ಚಿಸಿದ. ಆದರೆ ಓದಿದವನೆಂಬ ಮರ್ಯಾದೆ ಬಿಡಬಾರದಲ್ಲ, ನನ್ನನ್ನೇ ತೀರ್ಪುಗಾರನನ್ನಾಗಿ ಮಾಡಿದರು.

ಕುಸ್ತಿಯ ಕಣ ಅಂಗಡಿಯ ಹಿತ್ತಲಲ್ಲಿ. ಚೆನ್ನಾಗಿ ಕಾಣಲೆಂದು ಅಂಗಡಿಯ ಮಣ್ಣಿನ ಮಾಳಿಗೆಯ ಮೇಲೆ ನಟ್ಟನಡುವೆ, ಚಾವಣಿಯಲ್ಲಿ ಬಿಟ್ಟ ಬೆಳಕಿಂಡಿಯ ಪಕ್ಕದಲ್ಲಿ ನನಗೊಂದು ಕುರ್ಚಿ ಹಾಕಿದರು. ತೀರ್ಪುಗಾರ ಹತ್ತಿದ ಮೇಲೆ ಗೌಸ್‌ಮಿಯಾ ಹತ್ತಿದ, ವಿರೂಪಣ್ಣ ಹತ್ತಿದ, ಗಂಗಾವತಿಯವರು ಹತ್ತಿದರು, ಅರ್ಧ ಕೊಪ್ಪಳ ಹತ್ತಿತು. ಕೆಳಗೆ ಗಂಗಾವತಿಯವರ ಗಾಡಿಯಲ್ಲಿ ಸಿದ್ದಪ್ಪನ ಹಾಸಿಗೆಯನ್ನು ಆಗಲೇ ಕಟ್ಟಿ ಇಟ್ಟಿದ್ದರು.

ಕುಸ್ತಿ ಶುರುವಾಯಿತು. ಖಾದರ್ ಪಕ್ಕೆಗೆ ಕೈ ಹಾಕಿದ, ಸಿದ್ದಪ್ಪ ನಕ್ಕು ಜೋಲಿ ಹೊಡೆದ. ಬೀಳುವವನನ್ನು ಖಾದರ್ ಹಿಡಿದು ನಿಲ್ಲಿಸಿದ. ಮತ್ತೆ ಕೈ, ಮತ್ತೆ ನಗು, ಮತ್ತೆ ನಿಲ್ಲಿಸುವುದು. ಮಾಳಿಗೆಯ ಜನವೆಲ್ಲ ಹುಚ್ಚೆದ್ದು ಕುಣಿಯಿತು.

ಆಗ ನನ್ನ ಕುರ್ಚಿಯ ಕೆಳಗೆ ಕಟಕ್ ಎಂದಿತು.

ಆ ಸದ್ದನ್ನು ಬರೆಯಲು ಬರುವುದಿಲ್ಲ. ಇಂದಿಗೂ ನಿದ್ದೆಯಲ್ಲಿ ಕೇಳುತ್ತೇನೆ. ನಡುತೊಲೆ ಮುರಿದಿತ್ತು. ಮಾಳಿಗೆ ಬಟ್ಟಲಿನಂತೆ ತಗ್ಗಿತು, ಕುರ್ಚಿ ತಾನಾಗಿ ಬೆಳಕಿಂಡಿಯ ಕಡೆ ಜಾರಿತು. ಬಿದ್ದೆವು ಎಂದುಕೊಂಡೆ. ಬೀಳಲಿಲ್ಲ. ಬೆಳಕಿಂಡಿಯಲ್ಲಿ ಇಣುಕಿದರೆ, ಕೆಳಗೆ ತೊಲೆಗೆ ಹೆಗಲು ಕೊಟ್ಟು ಸಿದ್ದಪ್ಪ ಮತ್ತು ಖಾದರ್ ನಿಂತಿದ್ದರು. ಕುಸ್ತಿ ಬಿಟ್ಟು ಯಾವಾಗ ಒಳಗೆ ನುಗ್ಗಿದರೋ! ಮೇಲಿನಿಂದ ಮಣ್ಣು ಅವರ ಮೇಲೆ ಸುರಿಯುತ್ತಿತ್ತು.

"ಒಬ್ಬೊಬ್ಬರ ಇಳೀರಿ!" ಖಾದರ್ ಕೂಗಿದ. "ಓಡಬ್ಯಾಡ್ರಿ, ನಾವು ಅದೀವಿ!"

ಇದ್ದದ್ದು ಒಂದೇ ಏಣಿ. ಜನ ಉಸಿರು ಬಿಗಿಹಿಡಿದು ಒಬ್ಬರ ಹಿಂದೊಬ್ಬರು ಇಳಿದರು. ಉಸಿರು ಬಿಗಿಹಿಡಿದರೂ ಬಾಯಿ ಬಿಗಿಹಿಡಿಯಲಿಲ್ಲ.

"ಭಾರೆಲ್ಲ ಸಿದ್ದಪ್ಪನ ಕಡೀಗೆ ಐತಿ ನೋಡ್ರಿ," ಎಂದ ವಿರೂಪಣ್ಣ ಏಣಿಯ ಮೇಲಿನಿಂದ. "ನಮ್ಮ ಎಮ್ಮಿ ಹಾಲು!"

"ಮುರದ ತುದಿ ಖಾದರನ ಕಡೆ ಐತಿ, ಕಣ್ಣು ಕಾಣವಲ್ವ?" ಎಂದರು ಹಿಂದಿದ್ದ ಶೇಖರಪ್ಪನವರು.

ಎಲ್ಲರೂ ಇಳಿದರು, ನಾನೊಬ್ಬ ಉಳಿದೆ. ಕುರ್ಚಿಯನ್ನೇ ತಬ್ಬಿ ಕುಳಿತಿದ್ದೆ. ಬೆಳಕಿಂಡಿಯಲ್ಲಿ ಸಿದ್ದಪ್ಪನ ಮುಖ ಕೆಂಪಗಾಗಿತ್ತು.

"ಇಳಿಯೋ ದೋಸ್ತ. ಮಣ್ಣು ಪಕ್ಕಿಮ್ಯಾಲ ಜಾರಾಕ ಹತ್ತೈತಿ. ನನಗ ನಗು ಬರ್ತೈತಿ!"

"ನಗಬ್ಯಾಡಲೇ, ನಿನ್ನ ಕಾಲು ಬೀಳ್ತೀನಿ," ಎಂದ ಖಾದರ್.

ಹೇಗೆ ಇಳಿದೆನೋ, ತೆವಳಿಕೊಂಡು ಇಳಿದೆ. ನನ್ನ ಕಾಲು ನೆಲ ಮುಟ್ಟಿದ್ದೇ ಇಬ್ಬರೂ ಒಟ್ಟಿಗೆ ಹಿತ್ತಲಿಗೆ ಹಾರಿದರು. ಮಾಳಿಗೆ ಕುಸಿಯಿತು. ಧೂಳಿನೊಳಗಿಂದ ಮೊದಲು ಕೇಳಿದ್ದು ಸಿದ್ದಪ್ಪನ ನಗು. ತಡೆದಿಟ್ಟುಕೊಂಡ ನಗುವೆಲ್ಲ ಒಮ್ಮೆಲೇ ಹೊರಬಿತ್ತು. ಖಾದರ್ ನಕ್ಕ. ಕಪ್ಪು-ಬಸಿಯೆಲ್ಲ ಪುಡಿಯಾದ ವಿರೂಪಣ್ಣನೂ ನಕ್ಕ.

ಆಮೇಲೆ ಎಲ್ಲರಿಗೂ ತೀರ್ಪಿನ ನೆನಪಾಯಿತು. ನಾನು ಹೇಳಿದೆ, ಯಾರ ಬೆನ್ನೂ ಮಣ್ಣಿಗೆ ಹತ್ತಿಲ್ಲ, ಯಾರೂ ಸೋತಿಲ್ಲ.

"ಹ್ಯಾಂಗ ಹತ್ತಿಲ್ಲ?" ಗೌಸ್‌ಮಿಯಾ ಇಬ್ಬರನ್ನೂ ತಿರುಗಿಸಿ ತೋರಿಸಿದ. ಕುತ್ತಿಗೆಯಿಂದ ಸೊಂಟದವರೆಗೆ ಮಾಳಿಗೆಯ ಮಣ್ಣು ಮೆತ್ತಿತ್ತು. "ಇಬ್ಬರ ಬೆನ್ನಿಗೂ ಹತ್ತೈತಿ. ಇಬ್ಬರೂ ಸೋತಾರ!"

ಶೇಖರಪ್ಪನವರು ಗಾಡಿಯ ಹತ್ತಿರ ಹೋಗಿ ಸಿದ್ದಪ್ಪನ ಹಾಸಿಗೆಯನ್ನು ತಾವೇ ಇಳಿಸಿದರು.

"ಹಂಗಾದ್ರ ಸಾಟಿ?" ಎಂದ ವಿರೂಪಣ್ಣ.

"ಸಾಟಿ ಇಲ್ರಿ," ಎಂದರು ಅವರು. ಯಾವ ಅರ್ಥದಲ್ಲಿ ಎಂದು ಯಾರೂ ಕೇಳಲಿಲ್ಲ.

ಸಿದ್ದಪ್ಪ ಆಮೇಲೂ ಸೋತ, ಖಾದರ್ ಕೂಡ ಸೋತ. ಆದರೆ ಈಗ ಒಬ್ಬನ ಕುಸ್ತಿ ನೋಡಲು ಎರಡೂ ಊರವರು ಹೋಗುತ್ತಿದ್ದರು. ಬೇಸಿಗೆಯಲ್ಲಿ ಸಿದ್ದಪ್ಪ ಕಾಲುವೆಯಲ್ಲಿ ಈಜಲು ಗಂಗಾವತಿಗೆ, ಸುಗ್ಗಿಯಲ್ಲಿ ಖಾದರ್ ರೊಟ್ಟಿ ತಿನ್ನಲು ಕೊಪ್ಪಳಕ್ಕೆ. ಅನ್ನದ ಬಗ್ಗೆ ಸಿದ್ದಪ್ಪ ಮತ್ತೆ ದೂರಿದ್ದನ್ನು ನಾನು ಕೇಳಲಿಲ್ಲ.

ಇಷ್ಟನ್ನೂ ಕುಷ್ಟಗಿಯ ಗೆಳೆಯರಿಗೆ ಅಂಗಳದಲ್ಲಿ ನಿಂತೇ ಹೇಳಿದೆ. ಅವರು ನಕ್ಕು, ಆಮೇಲೆ ಕೇಳಿದರು:

"ಅಷ್ಟು ಮಣ್ಣು ಸುರಿವಾಗ ಅವರ ಕಣ್ಣಾಗ ಬೀಳಲಿಲ್ಲೇನ್ರಿ?"

ಇಷ್ಟು ವರ್ಷ ಆ ಕಟಕ್ ಸದ್ದನ್ನೇ ಕೇಳುತ್ತ ಬಂದ ನನಗೆ ಇದು ಹೊಳೆದಿರಲಿಲ್ಲ. ಬಿದ್ದಿರಲೇಬೇಕು. ಆದರೂ ಬೆಳಕಿಂಡಿಯಲ್ಲಿ ನಾನು ಕಂಡಾಗ ಇಬ್ಬರೂ ಕಣ್ಣು ತೆರೆದುಕೊಂಡೇ ಇದ್ದರು. ಮೇಲೆ ಇನ್ನೂ ಯಾರು ಉಳಿದಿದ್ದಾರೆಂದು ನೋಡುತ್ತಿದ್ದರು.

ಒಳಗೆ ಹೋಗಿ ಅದೇ ತೊಲೆಯ ಕೆಳಗೆ ಕುಳಿತೆ. ಬೇರೆ ಚಹಾ ತರಿಸುತ್ತೇನೆ ಎಂದರು. ಬೇಡವೆಂದು, ಬಸಿಯನ್ನು ಮಣ್ಣಿನ ಸಮೇತ ಎತ್ತಿ ಕುಡಿದೆ.