ಮೂರನೇ ಮಹಡಿಯಿಂದ ಇಳಿದ ಬುಟ್ಟಿ

ಕಳೆದ ವಾರ ನಮ್ಮ ಆಸ್ಪತ್ರೆಯ ಎಕೋ ರೂಮಿಗೆ, ಹೃದಯದ ಸ್ಕ್ಯಾನಿಂಗಿಗೆ, ಒಬ್ಬ ಹೆಂಗಸು ಬಂದಿದ್ದರು. ಇಲ್ಲೇ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವರು, ಐವತ್ತೈದು ದಾಟಿದವರು. ಕೇದಾರಕ್ಕೆ ಹೊರಟಿದ್ದರು. ಹೃದಯ ಗಟ್ಟಿಯಿದೆ ಎಂದು ಡಾಕ್ಟರ ಕೈಯಲ್ಲಿ ಬರೆಸಿಕೊಳ್ಳಬೇಕಿತ್ತು. ಮಂಚದ ಮೇಲೆ ಮಲಗಲು ಸೆರಗು ಸರಿಸಿದ್ದೇ ರೂಮೆಲ್ಲ ಕರ್ಪೂರದ ವಾಸನೆ. ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದರು.

"ಮೇಲೆ ಉಸಿರು ಕಟ್ಟುತ್ತಂತಲ್ಲಮ್ಮ, ಇದನ್ನ ಮೂಸ್ತಾ ಇದ್ರೆ ಏನೂ ಆಗಲ್ವಂತೆ. ಹೌದಾ?" ಎಂದರು.

ಯಾತ್ರೆಗೆ ಇನ್ನೂ ಹತ್ತು ದಿನವಿತ್ತು. ಅಲ್ಲಿಗೆ ಮುಟ್ಟುವ ಹೊತ್ತಿಗೆ ಆ ಗಂಟಿನಲ್ಲಿ ಏನು ಉಳಿದಿರುತ್ತದೆ ಎಂದು ಹೇಳಬಹುದಿತ್ತು. ನಾನು ಜೆಲ್ ಹಚ್ಚಿ ಪರದೆ ನೋಡತೊಡಗಿದೆ. ಒಂದು ಕಾಲದಲ್ಲಿ ನಾನೂ ಹೀಗೇ ಒಂದು ಗಂಟು ಕಟ್ಟಿ ಒಬ್ಬರ ಕೈಗೆ ಕೊಟ್ಟಿದ್ದೆ…

ಆಗ ನಾವು ಭದ್ರಾವತಿಯಲ್ಲಿ, ಕಾರ್ಖಾನೆ ಕಡೆಯ ಹಳೇ ಕ್ವಾರ್ಟರ್ಸಿನಲ್ಲಿ ಬಾಡಿಗೆಗೆ ಇದ್ದೆವು. ಮೂರು ಮಹಡಿಯ ಕಟ್ಟಡ, ಲಿಫ್ಟ್ ಇಲ್ಲ. ನಾವು ಎರಡನೆಯದರಲ್ಲಿ, ನಮ್ಮ ತಲೆಯ ಮೇಲೆ ಪಿ.ಟಿ. ಮೇಷ್ಟ್ರು. ಒಂಟಿ ಮನುಷ್ಯ, ನಲವತ್ತರ ಆಸುಪಾಸು. ಬೆಳಿಗ್ಗೆ ಐದಕ್ಕೆ ಅವರು ಮೆಟ್ಟಿಲು ಇಳಿದು ಓಡಲು ಹೋಗುವ ಸದ್ದೇ ನಮ್ಮ ಮನೆಯ ಅಲಾರಂ. ಒಂದೊಂದು ಸಲಕ್ಕೆ ಎರಡೆರಡು ಮೆಟ್ಟಿಲು. ಹೈಸ್ಕೂಲಿನಲ್ಲಿ ನನಗೂ ಅವರೇ ಪಿ.ಟಿ. ಮೇಷ್ಟ್ರು. ಹೊಟ್ಟೆನೋವು, ಕಾಲುನೋವು ಎಂದು ಯಾರು ಯಾವ ನೆವ ಹೇಳಿದರೂ ಅವರದು ಒಂದೇ ಮಾತು: "ನನ್ನ ಗ್ರೌಂಡಲ್ಲಿ ಆಗಲ್ಲ ಅನ್ನೋ ಹಾಗಿಲ್ಲ." ಆ ಮಾತಿಗೆ ಹೆದರಿ ನಾನು ಮೂರು ವರ್ಷ ಓಡಿದ್ದೇನೆ, ಎಲ್ಲದರಲ್ಲೂ ಕೊನೆಯವಳಾಗಿ.

ರಜೆ ಸಿಕ್ಕಾಗಲೆಲ್ಲ ಅವರು ಬೆಟ್ಟ ಹತ್ತಲು ಹೋಗುತ್ತಿದ್ದರು. ಒಂದು ವರ್ಷ ಹಿಮಾಲಯದ ಬಹು ಎತ್ತರದ ಶಿಖರವೊಂದಕ್ಕೆ ಹೊರಟ ತಂಡದಲ್ಲಿ ಅವರಿಗೂ ಜಾಗ ಸಿಕ್ಕಿತು. ಆಗ ನಾನು ಶಿವಮೊಗ್ಗದಲ್ಲಿ ಇಸಿಜಿ, ಎಕೋ ಮಾಡುವ ಕೋರ್ಸಿಗೆ ಹೊಸದಾಗಿ ಸೇರಿದ್ದೆ, ದಿನಾ ಬಸ್ಸಿನಲ್ಲಿ ಓಡಾಟ. ಕರ್ಪೂರ ಮೂಸಿದರೆ ಉಸಿರು ಕಟ್ಟುವುದಿಲ್ಲ ಎಂದು ಕೆಳಗಿನ ಮನೆಯ ಅಜ್ಜಿ ಹೇಳಿದ್ದನ್ನು ನಂಬಿ, ಅಬ್ಬಾನ, ಅಂದರೆ ನಮ್ಮ ತಂದೆಯ, ಬಿಳಿ ಕರವಸ್ತ್ರದಲ್ಲಿ ನಾಲ್ಕು ಬಿಲ್ಲೆ ಗಂಟು ಹಾಕಿ, ಮೇಷ್ಟ್ರು ಹೊರಡುವಾಗ ಮೆಟ್ಟಿಲಲ್ಲೇ ತಡೆದು ಕೊಟ್ಟೆ. ಅವರು ನಕ್ಕು ಜೇಬಿಗೆ ಹಾಕಿಕೊಂಡರು.

ಅಕ್ಟೋಬರ್ ಮಧ್ಯದಲ್ಲಿ ವಾಪಸು ಬಂದರು. ಶಿಖರ ಮುಟ್ಟಿದ ಸುದ್ದಿ ಮೊದಲೇ ಬಂದಿತ್ತಲ್ಲ, ಸ್ಟೇಷನ್ನಿನಲ್ಲೇ ಡೊಳ್ಳು, ಹಾರ, ಪಟಾಕಿ. ಅವರು ರೈಲಿನಿಂದ ಇಳಿದ ಕೂಡಲೇ ಹಳೇ ವಿದ್ಯಾರ್ಥಿಗಳು ಹೆಗಲ ಮೇಲೆ ಹೊತ್ತರು. ಊರಲ್ಲಿ ಸುತ್ತಾಡಿಸಿ, ಕ್ವಾರ್ಟರ್ಸಿಗೆ ಬಂದ ಮೇಲೂ ಇಳಿಸಲಿಲ್ಲ. ಜೈಕಾರ ಹಾಕುತ್ತ ಹೊತ್ತುಕೊಂಡೇ ಮೂರು ಮಹಡಿ ಹತ್ತಿದರು. ನಮ್ಮ ಬಾಗಿಲ ಮುಂದೆ ಹಾದು ಹೋಗುವಾಗ ನಾನು ಅವರ ಮುಖ ನೋಡಿದೆ. ಮೂಗಿನ ಮೇಲೆ ಸುಟ್ಟ ಕಲೆ, ಕೆನ್ನೆ ಒಳಗೆ ಹೋಗಿತ್ತು, ನಗುತ್ತಿದ್ದರು. ಎಷ್ಟು ಹಗುರಾಗಿದ್ದಾರೆಂದು ಹೊತ್ತವರೇ ಆಮೇಲೆ ತಮಾಷೆ ಮಾಡಿದರು.

ಮಾರನೆಯ ದಿನ ಬೆಳಿಗ್ಗೆ ಐದಕ್ಕೆ ಮೆಟ್ಟಿಲ ಸದ್ದು ಕೇಳಲಿಲ್ಲ. ಸುಸ್ತಾಗಿರಬೇಕು ಎಂದುಕೊಂಡೆವು. ಎರಡು ದಿನ ಕಳೆದ ಮೇಲೆ ಅವರ ಬಾಲ್ಕನಿಯಿಂದ ಒಂದು ಬುಟ್ಟಿ ಕೆಳಗಿಳಿಯಿತು. ಬೆಟ್ಟ ಹತ್ತುವ ಕೆಂಪು ಹಗ್ಗ, ಅದಕ್ಕೆ ಹೊಳೆಯುವ ಕೊಂಡಿ, ಕೊಂಡಿಗೆ ಬೆತ್ತದ ಬುಟ್ಟಿ. ಹಾಲಿನವನು ಪ್ಯಾಕೆಟ್ ಹಾಕಿದ, ಬುಟ್ಟಿ ಮೇಲೆ ಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ತರಕಾರಿ ಗಾಡಿಯವಳು ಅದರಲ್ಲಿ ಕೊತ್ತಂಬರಿ ಪುಕ್ಕಟೆ ಇಡತೊಡಗಿದಳು. ಗ್ಯಾರೇಜ್ ಇಟ್ಟುಕೊಂಡಿದ್ದ ನಮ್ಮ ಅಬ್ಬಾ ಅಂತೂ ಹಳೇ ರಾಟೆಯೊಂದಕ್ಕೆ ಗ್ರೀಸ್ ಹಚ್ಚಿ ಬಾಲ್ಕನಿಯ ಕಂಬಿಗೆ ಜೋಡಿಸಿ ಬಂದರು. "ನಮ್ ಮೇಷ್ಟ್ರ ಸ್ಟೈಲೇ ಬೇರೆ ಕಣ್ರೀ, ಹಾಲಿಗೂ ಹಗ್ಗಾನೇ" ಎಂದು ಕೆಳಗೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಇಡೀ ಕ್ವಾರ್ಟರ್ಸ್ ಅದನ್ನು ಸ್ಟೈಲ್ ಅಂದುಕೊಂಡಿತು. ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಅಮ್ಮಿ ಖೀರು ಕೊಟ್ಟು ಕಳಿಸಿದಳು. ಹತ್ತಿ ಹೋದರೆ, ಮೇಷ್ಟ್ರು ತಮ್ಮ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ನಾಲ್ಕು ಮೆಟ್ಟಿಲು ಇಳಿದು, ತಿರುಗಿ ಹತ್ತಲು ಹೋಗಿ, ಎರಡನೆಯದಕ್ಕೇ ಕೂತುಬಿಟ್ಟಿದ್ದರು. ತುಟಿ ನೀಲಿಯಾಗಿತ್ತು. ಲುಂಗಿಯ ಕೆಳಗೆ ಕಾಣುತ್ತಿದ್ದ ಮೀನಖಂಡ ನನ್ನ ಮುಂಗೈಯಷ್ಟಿತ್ತು. ಆ ಕಾಲಿನ ಹಿಂದೆ ನಾವು ಮೂರು ವರ್ಷ ಓಡಿದ್ದೆವು. ನನಗೆ ಅಳು ಬಂತು. ಅವರಿಗೆ ಸಿಟ್ಟು ಬಂತು.

"ಕೂಗಬೇಡ ಮಾರಾಯ್ತಿ. ಕೈ ಕೊಡು" ಎಂದರು.

ಒಳಗೆ ಮೇಜಿನ ಮೇಲೆ ಊರವರು ಕಳಿಸಿದ ಹೋಳಿಗೆ, ಚಕ್ಕುಲಿ, ಲಾಡು ಹಾಗೇ ಬಿದ್ದಿದ್ದವು. ಅವರಿಗೆ ಏನೂ ಸೇರುತ್ತಿರಲಿಲ್ಲ. ಉಸಿರು ಹತೋಟಿಗೆ ಬಂದ ಮೇಲೆ ನಿಧಾನವಾಗಿ ಹೇಳಿದರು. ಶಿಖರದಿಂದ ಇಳಿಯುವಾಗ ಮೇಲಿನ ಕ್ಯಾಂಪಿನಲ್ಲಿ ಗಾಳಿ ಎದ್ದಿತಂತೆ. ಮೂರು ದಿನ ಟೆಂಟಿನಿಂದ ಹೊರಬರಲು ಆಗಲಿಲ್ಲ. ಎದ್ದು ಕೂರುವಷ್ಟೂ ಎತ್ತರವಿಲ್ಲದ ಬಟ್ಟೆಯ ಗೂಡು, ಒಳಗೆ ಮೂರು ಜನ.

"ಅಷ್ಟು ಮೇಲೆ ಅನ್ನ ಇಳಿಯಲ್ಲ, ನಿದ್ದೆ ಬರಲ್ಲ. ಮೈ ತನ್ನ ಮಾಂಸಾನೇ ತಿಂದ್ಕೊಳ್ಳುತ್ತೆ. ಸುಮ್ನೆ ಮಲಗಿದ್ರೂ ಎದೆ ಓಡ್ತಾ ಇರುತ್ತೆ, ಗ್ರೌಂಡ್ ಸುತ್ತು ಹಾಕಿದ ಹಾಗೆ. ನಿಲ್ಲಿಸೋ ಅಂದ್ರೆ ನಿಲ್ಲಲ್ಲ. ನಿನ್ನ ಕರ್ಪೂರದಿಂದ ಉಸಿರೇನೂ ಬರಲಿಲ್ಲ. ಆದ್ರೆ ಮೂಸಿದಾಗೆಲ್ಲ ಈ ಮೆಟ್ಟಿಲು ನೆನಪಾಗ್ತಿತ್ತು."

ಕೆಳಗಿಳಿದ ಮೇಲೆ ಸರಿಹೋಗುತ್ತದೆ ಎಂದುಕೊಂಡಿದ್ದರು. ಜೊತೆಯವರಿಗೆ ಸರಿಹೋಗಿತ್ತು, ಇವರಿಗೆ ಹೋಗಲಿಲ್ಲ. ಜನ ಹೊತ್ತು ತಂದು ಮೇಲೆ ಬಿಟ್ಟಿದ್ದರು, ಅಂದಿನಿಂದ ಸ್ಕೂಲಿಗೆ ರಜೆ ಹಾಕಿ ಕೂತವರು ಕೆಳಗೆ ಹೋಗಿರಲೇ ಇಲ್ಲ.

"ಇಳಿಯೋದು ಕಷ್ಟ ಅಲ್ಲ. ಮತ್ತೆ ಹತ್ತೋದು ಹೆಂಗೆ? ಕೂತು ಕೂತು ಹತ್ತೋದನ್ನ ಮಕ್ಕಳು ನೋಡ್ತಾರಲ್ಲ. ಯಾರಿಗೂ ಹೇಳಬೇಡ" ಎಂದರು. ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹತ್ತೊಂಬತ್ತು ವರ್ಷದವಳು, ದೊಡ್ಡವರ ಗುಟ್ಟು ಸಿಕ್ಕಿತೆಂಬ ಹೆಮ್ಮೆಯೂ ಸ್ವಲ್ಪ ಇತ್ತೆಂದು ಈಗ ಒಪ್ಪಿಕೊಳ್ಳಬೇಕು.

ಅದೇ ವಾರ ಕ್ವಾರ್ಟರ್ಸಿನ ಕಮಿಟಿಯವರು, ಅದರಲ್ಲಿ ಅಬ್ಬಾನೂ ಒಬ್ಬರು, ಮೇಷ್ಟ್ರ ಮನೆಗೆ ಹೋಗಿ ಬಂದರು. ನವೆಂಬರ್ ಒಂದಕ್ಕೆ ರಾಜ್ಯೋತ್ಸವದ ವೇದಿಕೆಯಲ್ಲಿ ಸನ್ಮಾನ. ಬರೀ ಶಾಲು, ಹಾರ ಸಾಲದು, ಮೇಷ್ಟ್ರು ಓವರ್‌ಹೆಡ್ ಟ್ಯಾಂಕಿನ ಏಣಿ ಹತ್ತಿ, ಮೇಲೆ ಬಾವುಟ ಬೀಸಿ, ಹಗ್ಗ ಹಿಡಿದು ವೇದಿಕೆಯ ಪಕ್ಕಕ್ಕೆ ಇಳಿಯಬೇಕು. ಮಕ್ಕಳು ನೋಡಬೇಕು. ಮೇಷ್ಟ್ರು ಕೂತಲ್ಲೇ "ಆಯ್ತು" ಅಂದರಂತೆ. ಇಲ್ಲ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ.

ನಾನು ಮೇಲೆ ಹೋಗಿ ಜಗಳ ಮಾಡಿದೆ. ಅವರ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದೆ. ಒತ್ತಿದ ಗುಳಿ ಹಾಗೇ ನಿಂತಿತ್ತು. ಕಾಲು ಸಣ್ಣಗಾಗಿದ್ದೂ ಹೌದು, ಪಾದ ಬಾತಿದ್ದೂ ಹೌದು. "ಇದು ಸುಸ್ತಲ್ಲ ಸಾರ್, ಎದೆ ತೋರಿಸಬೇಕು" ಎಂದೆ. ಕೊನೆಗೆ, ಯಾರೂ ನೋಡದಿದ್ದರೆ ಬರುತ್ತೇನೆ ಎಂದು ಒಪ್ಪಿದರು.

ಮಧ್ಯಾಹ್ನ ಒಂದೂವರೆಗೆ ಕ್ವಾರ್ಟರ್ಸ್ ಉಂಡು ಮಲಗುವ ಹೊತ್ತು. ಆಟೋ ಹಿಂದಿನ ಗೇಟಿಗೆ ಕರೆಸಿದ್ದೆ. ಶಿವಮೊಗ್ಗದಲ್ಲಿ ನಾನು ಕಲಿಯುತ್ತಿದ್ದ ಕಡೆಯ ಡಾಕ್ಟರು ಎಕೋ ಮಾಡಿದರು, ನಾನು ಪಕ್ಕದಲ್ಲಿ ನಿಂತು ನೋಡಿದೆ. ಗಾಳಿ ಅಷ್ಟು ತೆಳುವಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಆ ಬಿಗಿಗೆ ಎದುರಾಗಿ ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ಹಿಗ್ಗುತ್ತದೆ. ಎಡಭಾಗಕ್ಕೆ ತುಂಬಿಬರುವ ರಕ್ತವೇ ಕಡಿಮೆ, ಅದು ಸಣ್ಣದಾಗುತ್ತದೆ. ಇದನ್ನೆಲ್ಲ ಪುಸ್ತಕದಲ್ಲಿ ಓದಬಹುದು. ಮೇಷ್ಟ್ರ ಎದೆಯಲ್ಲಿ ನಾನು ಕಣ್ಣಾರೆ ಕಂಡೆ. ಒಂದು ಕಡೆ ಊದಿಕೊಂಡು, ಇನ್ನೊಂದು ಕಡೆ ಗೋಡೆ ತೆಳ್ಳಗಾಗಿ, ಅಷ್ಟರಲ್ಲೂ ಪಾಪ ಬಡಿದುಕೊಳ್ಳುತ್ತಿತ್ತು.

"ತೊಡೆ ಕರಗಿದ್ದು ನಿಮಗೆ ಕಾಣ್ತಿದೆ, ಇದೂ ಅಷ್ಟೇ ಕರಗಿದೆ. ಮಾತ್ರೆ ಕೊಡ್ತೀನಿ. ಕೆಲವು ತಿಂಗಳು ಸುಮ್ಮನಿದ್ರೆ ತುಂಬ್ಕೊಳ್ಳುತ್ತೆ. ಈಗ ಏನಾದ್ರೂ ಸಾಹಸ ಮಾಡಿದ್ರೆ ನಿಂತೇ ಹೋಗಬಹುದು" ಎಂದರು ಡಾಕ್ಟರು. ಮೇಷ್ಟ್ರು ತಲೆಯಾಡಿಸಿದರು.

ಆಸ್ಪತ್ರೆಯಲ್ಲಿ ತಡವಾಯಿತು. ಕ್ವಾರ್ಟರ್ಸಿಗೆ ಮರಳಿದಾಗ ನಾಲ್ಕು ದಾಟಿತ್ತು, ನಾಲ್ಕೂವರೆಗೆ ಸ್ಕೂಲು ಬಿಡುತ್ತಿತ್ತು. ಮೇಷ್ಟ್ರು ಕಂಬಿ ಹಿಡಿದು ಒಂದು ಮೆಟ್ಟಿಲು ಹತ್ತಿ, ನಿಂತು, ಐದು ಉಸಿರು ಎಣಿಸಿ, ಮತ್ತೊಂದು ಹತ್ತಿದರು. ಶಿಖರದ ಹತ್ತಿರವೂ ಹೀಗೇ ಹತ್ತಿದ್ದಂತೆ. ಒಂದನೇ ಮಹಡಿ ಮುಟ್ಟಿದ್ದೆವು, ಕೆಳಗೆ ಮಕ್ಕಳ ಗಲಾಟೆ ಕೇಳಿತು. ಮೇಲೆ ಹೋಗಲು ಕಾಲಿಲ್ಲ, ಕೆಳಗೆ ಹೋಗಲು ದಾರಿಯಿಲ್ಲ. ಮೇಷ್ಟ್ರು ಅಲ್ಲೇ ಕೂತು ಶೂ ಲೇಸು ಬಿಚ್ಚಿದರು. ಮಕ್ಕಳು "ನಮಸ್ತೆ ಸಾರ್" ಎನ್ನುತ್ತ ಹಾದುಹೋಗುವಷ್ಟೂ ಹೊತ್ತು ಲೇಸು ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಕೊನೆಯ ಹುಡುಗಿ ಹೋದ ಮೇಲೆ ನೋಡಿದರೆ ಗಂಟೇ ಬಿದ್ದಿರಲಿಲ್ಲ. ನಾನು ಬಗ್ಗಿ ಕಟ್ಟಿದೆ.

ಮನೆ ಬಾಗಿಲು ಮುಟ್ಟಿಸಿ ಕೇಳಿದೆ, "ಸಾರ್, ಟ್ಯಾಂಕ್ ಹತ್ತಲ್ಲ ಅಂತ ಹೇಳಿಬಿಡ್ತೀರಲ್ವಾ?"

"ಒಂದೇ ಸಲ ಅಲ್ವಾ ಮಾರಾಯ್ತಿ. ಮಾತ್ರೆ ಇದೆಯಲ್ಲ. ಹತ್ತಿಬಿಡ್ತೀನಿ" ಎಂದು ಬಾಗಿಲು ಹಾಕಿಕೊಂಡರು.

ಆಮೇಲಿನ ನಾಲ್ಕು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಕಿಟಕಿಯ ಮುಂದೆ ಬುಟ್ಟಿ ಇಳಿಯುವುದು, ಏರುವುದು ನೋಡುತ್ತ ಕೂರುತ್ತಿದ್ದೆ. ಹೇಳಿದರೆ ಮಾತು ತಪ್ಪಿದ ಹಾಗೆ. ಹೇಳದಿದ್ದರೆ ಆ ಏಣಿಯ ಮಧ್ಯದಲ್ಲಿ… ಅಕ್ಟೋಬರ್ ಮೂವತ್ತೊಂದರ ಬೆಳಿಗ್ಗೆ ಟ್ಯಾಂಕಿಗೆ ಬಣ್ಣದ ದೀಪದ ಸೀರಿಯಲ್ ಸೆಟ್ ಸುತ್ತುವುದನ್ನು ಕಂಡೆ. ಗ್ಯಾರೇಜಿಗೆ ಓಡಿ ಅಬ್ಬಾಗೆ ಎಲ್ಲ ಹೇಳಿಬಿಟ್ಟೆ.

ಅಬ್ಬಾ ಒಳ್ಳೆಯ ಮನುಷ್ಯ, ಆದರೆ ಬಾಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಕಮಿಟಿಯವರಿಗೆ ಹೇಳಿ ಹಗ್ಗದ ಕಾರ್ಯಕ್ರಮ ನಿಲ್ಲಿಸಿದರು. ಯಾಕೆ ಎಂದು ಕೇಳಿದ ಒಬ್ಬೊಬ್ಬರಿಗೂ, ಮೇಷ್ಟ್ರಿಗೆ ಮೆಟ್ಟಿಲೇ ಹತ್ತಲಾಗುವುದಿಲ್ಲ, ಪಾಪ, ಎಂದು ಕಣ್ಣಲ್ಲಿ ನೀರು ತಂದುಕೊಂಡು ವಿವರಿಸಿದರು. ಸಂಜೆಯ ಹೊತ್ತಿಗೆ ಕ್ವಾರ್ಟರ್ಸಿನಲ್ಲಿ ಹೊಸ ಮಾತು ಹುಟ್ಟಿತ್ತು: ಮೆಟ್ಟಿಲು ಹತ್ತಲಾಗದವನು ಹಿಮಾಲಯ ಹತ್ತಿದ್ದು ಹೌದಾ? ಫೋಟೋದಲ್ಲಿ ಮುಖವೇ ಕಾಣುವುದಿಲ್ಲವಲ್ಲ, ಕನ್ನಡಕ, ಟೋಪಿ. ಹೆಗಲ ಮೇಲೆ ಹೊತ್ತವರೇ ಅದನ್ನು ಆಡಿದರು. ಹತ್ತಿದ್ದಕ್ಕೇ ಹೀಗಾಗಿದ್ದು ಎಂದು ನಾನು ಕಂಡವರಿಗೆಲ್ಲ ಹೃದಯದ ಚಿತ್ರ ಬರೆದು ತೋರಿಸಿದೆ. ಪಾಠ ಮಾಡಬೇಡ ಹೋಗಮ್ಮ ಎಂದರು. ಸನ್ಮಾನವನ್ನು ಮುಂದೂಡಿದರು, ಯಾವತ್ತಿಗೆ ಎಂದು ಹೇಳಲಿಲ್ಲ.

ಮಾರನೆಯ ದಿನದಿಂದ ಬುಟ್ಟಿ ಇಳಿಯಲಿಲ್ಲ. ನಾನು ಬಾಗಿಲು ತಟ್ಟಿದೆ, ತೆರೆಯಲಿಲ್ಲ. ಮಾತ್ರೆ, ಹಾಲು ಬಾಗಿಲ ಹೊರಗಿಟ್ಟು ಬರುತ್ತಿದ್ದೆ, ಸಂಜೆ ಹೋದರೆ ಅವು ಇರುತ್ತಿರಲಿಲ್ಲ. ಹೀಗೆ ಎರಡು ತಿಂಗಳು. ಜನವರಿಯಲ್ಲಿ ಅವರಿಗೆ ಕುಂಸಿಯ ಕಡೆ ವರ್ಗವಾಯಿತು. ಹೊರಟ ದಿನ ನಾನು ಕ್ಲಾಸಿನಲ್ಲಿದ್ದೆ. ಬಂದು ನೋಡಿದರೆ ಬುಟ್ಟಿ ನಮ್ಮ ಕಿಟಕಿಯ ಎತ್ತರಕ್ಕೆ ಇಳಿದು ನಿಂತಿತ್ತು. ಒಳಗೆ ಆ ಕರವಸ್ತ್ರ, ನಾನು ಹಾಕಿದ್ದ ಅದೇ ಗಂಟು. ಚೀಟಿ ಇರಲಿಲ್ಲ. ತಮ್ಮ ಕಾಲ ಮೇಲೇ ಇಳಿದು ಹೋದರು, ನಿಲ್ಲಲಿಲ್ಲ ಎಂದು ಅಮ್ಮಿ ಹೇಳಿದಳು.

ಅಲ್ಲಿ ಮೇಷ್ಟ್ರ ಎದೆ ಡಾಕ್ಟರು ಹೇಳಿದ ಹಾಗೇ ತುಂಬಿಕೊಂಡಿತ್ತಂತೆ, ಮಕ್ಕಳ ಜೊತೆ ಓಡುತ್ತಿದ್ದರಂತೆ. ಬೆಟ್ಟದ ಮಾತು ಮಾತ್ರ ಎತ್ತುತ್ತಿರಲಿಲ್ಲವಂತೆ. ಇದೆಲ್ಲ ನನಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ, ಯಾವುದೋ ಜ್ವರ ಬಂದು ಅವರು ತೀರಿಹೋದ ಸುದ್ದಿಯ ಜೊತೆಗೇ. ಹದಿನೈದು ವರ್ಷ ಇಲ್ಲೇ ಕುಂಸಿಯಲ್ಲಿದ್ದರು, ಬಸ್ಸು ಹತ್ತಿದರೆ ಒಂದು ಗಂಟೆಯೂ ಇಲ್ಲ. ನಾನು ಹೋಗಲಿಲ್ಲ. ನಾಳೆ ನೋಡೋಣ ಅಂದುಕೊಂಡೇ ಹದಿನೈದು ವರ್ಷ ಕಳೆದೆ. ಆ ಗಂಟನ್ನು ಕೋಪದಿಂದ ಹಿಂದಿರುಗಿಸಿದರೋ, ಜೋಪಾನವಾಗಿಟ್ಟುಕೋ ಎಂದು ಕೊಟ್ಟರೋ, ಹೇಳಬೇಕಾದವರು ಈಗ ಇಲ್ಲ. ಅದು ನನ್ನ ಬೀರುವಿನಲ್ಲಿದೆ. ಕರ್ಪೂರ ಎಂದೋ ಹಾರಿಹೋಗಿದೆ, ಗಂಟು ಮಾತ್ರ ಬಿಗಿಯಾಗಿ ಹಾಗೇ ಇದೆ.

"ಯಾಕಮ್ಮ, ಏನಾದ್ರೂ ತೊಂದರೆ ಕಾಣ್ತಿದೆಯಾ?" ಎಂದರು ಮಂಚದ ಮೇಲಿದ್ದ ಹೆಂಗಸು. ಅವರ ಹೃದಯ ಪರದೆಯ ಮೇಲೆ ಚೆನ್ನಾಗಿಯೇ ಬಡಿಯುತ್ತಿತ್ತು.

"ಏನೂ ಇಲ್ಲಮ್ಮ. ಕರ್ಪೂರ ಇಟ್ಕೊಳ್ಳಿ, ಬೇಡ ಅನ್ನಲ್ಲ" ಎಂದೆ. "ಆದ್ರೆ ಹತ್ತೋಕೆ ಆಗದಿದ್ರೆ ಆಗಲ್ಲ ಅಂತ ಬಾಯಿಬಿಟ್ಟು ಹೇಳಿ. ಎಲ್ಲರ ಎದುರಿಗೇ ಹೇಳಿ, ಇಳಿದು ಬಂದ್ಬಿಡಿ."

ಅವರು ನಕ್ಕರು. ಅಷ್ಟಕ್ಕೆಲ್ಲ ಯಾರು ನಾಚಿಕೊಳ್ಳುತ್ತಾರೆ ಎಂದರು.