ಬೈಂಡರ್ ಕೊಲೆ ಮಾಡಿರಲಿಲ್ಲ

ಮೊಮ್ಮಗಳಿಂದ ಮೊಬೈಲಿನಲ್ಲಿ ಟೈಪ್ ಮಾಡುವುದು ಕಲಿತು ಒಂದು ತಿಂಗಳಾಗಿತ್ತು, ಅಷ್ಟರಲ್ಲೇ ಕೊಲೆಯೊಂದರಲ್ಲಿ ಸಿಕ್ಕಿಕೊಂಡೆ.

ಆಳಂದದಲ್ಲಿ ನಮ್ಮ ಎದುರು ಮನೆಯವರು ಅಫಜಲಪುರದಲ್ಲಿ ಕನ್ನಡ ಟೀಚರಾಗಿದ್ದವರು. ನಾನು ಅವರಿಗೆ ಆಪಾ ಅನ್ನುತ್ತೇನೆ, ಅವರು ನನಗೆ ಅಕ್ಕ ಅನ್ನುತ್ತಾರೆ. ದೊಡ್ಡವರು ಯಾರೆಂದು ಇಬ್ಬರೂ ಬಾಯಿ ಬಿಡುವುದಿಲ್ಲ. ನಿವೃತ್ತಿಯ ನಂತರ ಅವರು ತಮ್ಮ ಮೊದಲ ಕಾದಂಬರಿ ಬರೆದರು: ಪ್ರಕಾಶಕನೊಬ್ಬನ ಕೊಲೆ, ಅದನ್ನು ಪತ್ತೆ ಹಚ್ಚುವ ಲೈಬ್ರರಿಯ ಹೆಂಗಸು. ಕೊನೆಯ ಅಧ್ಯಾಯ ಉಳಿದಿರುವಾಗ ಕಣ್ಣಿನ ಆಪರೇಷನ್ ಆಯಿತು. ಸೋಮವಾರದೊಳಗೆ ಕೊಡದಿದ್ದರೆ ಮುಂದಿನ ವರ್ಷವೇ ಎಂದು ಕಲಬುರಗಿಯ ಪ್ರೆಸ್ಸಿನವರು ಹೇಳಿದ್ದರು. ಹೀಗಾಗಿ ಅವರು ಹೇಳುವುದು, ನಾನು ಒಂದೇ ಬೆರಳಲ್ಲಿ ಒತ್ತುವುದು.

ಶನಿವಾರ ಮಧ್ಯಾಹ್ನ ಕೊಲೆಗಾರ ಹೊರಬಿದ್ದ. ಬೈಂಡರ್. ಪ್ರಕಾಶಕ ಸಾಯುವಾಗ ಕೈಯಲ್ಲಿದ್ದ ಪುಸ್ತಕದ ಹಾಳೆಯೊಂದರ ಅಂಚಿನಲ್ಲಿ ಕೊಂದವನ ಹೆಸರು ಗೀಚಿದ್ದ. ಬೈಂಡರ್ ಆ ಹಾಳೆಯೊಂದನ್ನೇ ಮೆಲ್ಲಗೆ ಎಳೆದು ಒಯ್ದ, ಯಾರಿಗೂ ಗೊತ್ತಾಗಲಿಲ್ಲ.

ನನ್ನ ಬೆರಳು ನಿಂತಿತು. ನಾನೂ ನನ್ನ ಗಂಡನೂ ಮೂವತ್ತು ವರ್ಷ ಪುಸ್ತಕ ಹೊಲಿದವರು.

“ಆಪಾ, ಕೊಲಿ ಮಾಡಿದಂವ ಬೈಂಡರ್ ಅಲ್ಲರಿ.”

“ನಿಮ್ಮ ಕಸಬಿನಂವ ಅಂತ ಜಾಮೀನು ಕೊಡಾಕ ಬಂದ್ರೇನು?”

ನಾನು ಅವರ ಕಪಾಟಿನಿಂದ ಒಂದು ಪುಸ್ತಕ ತೆಗೆದು, ಒಂದು ಹಾಳೆ ಎಳೆದು, ಪುಸ್ತಕ ಅವರ ಕೈಗಿಟ್ಟೆ. “ತಿರುವ್ರಿ.”

ನಾಲ್ಕು ಹಾಳೆ ತಿರುವುವಷ್ಟರಲ್ಲಿ ಇನ್ನೊಂದು ಹಾಳೆ ತಾನಾಗಿ ಅವರ ಮಡಿಲಿಗೆ ಜಾರಿತು. ಹೊಲಿದ ಪುಸ್ತಕದಲ್ಲಿ ಹಾಳೆ ಒಂಟಿಯಾಗಿರುವುದಿಲ್ಲ. ಒಂದು ಕಾಗದ ಮಡಿಸಿದರೆ ಎರಡು ಹಾಳೆ, ಆ ಮಡಿಕೆಯ ಮೇಲೆ ದಾರ ಹಾಕಿರುತ್ತೇವೆ. ಒಂದನ್ನು ಎಳೆದರೆ ಆಚೆಗಿನ ಜೋಡಿ ಉದುರುತ್ತದೆ. ಬೈಂಡರನಾಗಿದ್ದರೆ ಎರಡನ್ನೂ ಒಯ್ಯುತ್ತಿದ್ದ.

ಆಪಾ ರಟ್ಟು ಸವರಿದರು. “ಇದು ನನಗ ಬಹುಮಾನ ಬಂದ ಪುಸ್ತಕ ಅಲ್ಲೇನು? ಇಡೀ ಕಪಾಟಿನ್ಯಾಗ ಇದೊಂದೇ ಸಿಕ್ತೇನು?”

“ಹೊಲಿಗಿ ಛಲೋ ಇದ್ದದ್ದು ಇದೊಂದೇರಿ.”

ಅವರು ನಗಲಿಲ್ಲ. ಎರಡೇ ದಿನ ಉಳಿದಿತ್ತು, ಕೊಲೆಗಾರನೇ ಇಲ್ಲ. ನನಗೂ ಹೆದರಿಕೆಯಾಯಿತು. “ಹೋಗ್ಲಿ ಬಿಡ್ರಿ, ಓದೋರಿಗೆ ಏನ್ ಗೊತ್ತಾಗ್ತದ.”

“ನಿಮಗ ಗೊತ್ತಾತಲ್ಲ.”

ಭಾನುವಾರ ಇಡೀ ಕಾದಂಬರಿ ನನ್ನಿಂದ ಓದಿಸಿದರು. ಕಪ್ಪು ಕನ್ನಡಕದ ಹಿಂದೆ ಮಲಗಿದ್ದಾರೆಂದುಕೊಂಡರೆ, ನಾಲ್ಕನೇ ಅಧ್ಯಾಯದಲ್ಲಿ ನಿಲ್ಲಿಸಿ ಎಂದು ಕೈ ಎತ್ತಿದರು. ಆ ಸಂಜೆ ಪ್ರೆಸ್ಸಿನಲ್ಲಿದ್ದವರು ಇಬ್ಬರೇ, ಬೈಂಡರ್ ಮತ್ತು ಪ್ರಕಾಶಕನೊಡನೆ ಜಗಳವಾಡಿದ ಕವಿ.

“ಇಂವ ಹತ್ತು ಪುಸ್ತಕ ಬರದಾನ, ಪುಸ್ತಕ ಹೆಂಗ ಹೊಲೀತಾರ ಅಂತ ಒಮ್ಮಿನೂ ನೋಡಿಲ್ಲ. ಇಂವನೇ.”

ನಾಲ್ಕನೇ ಅಧ್ಯಾಯದಲ್ಲಿ ಒಂದಕ್ಷರ ಬದಲಿಸಲಿಲ್ಲ. ಕೊನೆಯದನ್ನಷ್ಟೇ ಹೊಸದಾಗಿ ಹೇಳಿದರು: ಬೈಂಡರನನ್ನು ಹಿಡಿದೊಯ್ಯುತ್ತಾರೆ, ಜೋಡಿ ಹಾಳೆ ಲೈಬ್ರರಿಯ ಹೆಂಗಸಿನ ಮಡಿಲಿಗೆ ಬೀಳುತ್ತದೆ, ಅವನು ಬಿಡುಗಡೆಯಾಗುತ್ತಾನೆ. ಕಣ್ಣು ಮುಚ್ಚಿಕೊಂಡು ಇಷ್ಟು ಕಂಡವರನ್ನು ನಾನು ಬೇರೆ ನೋಡಿಲ್ಲ. ಸೋಮವಾರ ಬೆಳಿಗ್ಗೆ ಕಳಿಸಿದೆವು.

ಕಾದಂಬರಿ ಅಚ್ಚಾಗಿ ಬಂದಾಗ ನಾನು ಮೊದಲು ನೋಡಿದ್ದು ಬೆನ್ನನ್ನು. ಹೊಲಿದಿಲ್ಲ, ಬರೀ ಅಂಟು ಹಚ್ಚಿದ್ದಾರೆ. ಇದರಲ್ಲಿ ಒಂದು ಹಾಳೆ ಎಳೆದರೆ ಒಂದೇ ಬರುತ್ತದೆ.

ಆಪಾಗೆ ಇನ್ನೂ ಹೇಳಿಲ್ಲ.